ಕಾರ್ಡ್ ನಡೆಯದ ವಿದೇಶಿ ವಸತಿಗೆ ಹಣ ಕಟ್ಟುವುದು ಹೇಗೆ

ರಜೆಗೆಂದು ಹೊರದೇಶದಲ್ಲಿ ಹುಡುಕಿದ ಮನೆ ಮನಸ್ಸಿಗೆ ಬಂದಿದೆ. ಬೇಕಾದ ದಿನಗಳು ಖಾಲಿ ಇವೆ, ಬಾಡಿಗೆಯೂ ಹೊಂದುತ್ತದೆ. ಮಾಲೀಕರ ಮೇಲ್‌ನ ಕೊನೆಗೆ ಮಾತ್ರ ಒಂದು ಸಾಲು ಇರುತ್ತದೆ: "ನಮ್ಮಲ್ಲಿ ಕಾರ್ಡ್ ಇಲ್ಲ. ಶೇ 30ರಷ್ಟು ಮುಂಗಡವನ್ನು ಈ ಖಾತೆಗೆ ಹಾಕಿ, ಬಾಕಿಯನ್ನು ಬಂದಾಗ ನಗದಾಗಿ ಕೊಡಿ." ಇದನ್ನು ಓದಿ ಕೆಲವರು ಹೆದರಿ ಆ ಮನೆಯನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಒಳ್ಳೆಯ ಮನೆ ತಪ್ಪಿಹೋಗಬಾರದೆಂದು ಅದೇ ದಿನ ಪೂರ್ತಿ ಹಣ ಕಳಿಸಿಬಿಡುತ್ತಾರೆ. ಎರಡೂ ಬೇಕಿಲ್ಲ. ಹಣ ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿಯವರೆಗೆ ಅದನ್ನು ತಡೆಯಬಹುದು, ಯಾವ ಹಂತ ದಾಟಿದರೆ ತಡೆಯಲಾಗದು ಎಂಬುದು ಗೊತ್ತಿದ್ದರೆ ಇಂಥ ಬುಕಿಂಗನ್ನು ನೆಮ್ಮದಿಯಿಂದಲೇ ಮಾಡಬಹುದು.

## ಅವರಿಗೆ ಕಾರ್ಡ್ ಯಾಕೆ ಬೇಡ

ಕಾರ್ಡ್ ಬೇಡ ಅನ್ನುವವರೆಲ್ಲ ಮೋಸಗಾರರಲ್ಲ. ಎರಡು ಮೂರು ಕೋಣೆಗಳ ಗೆಸ್ಟ್‌ಹೌಸ್, ವರ್ಷದಲ್ಲಿ ಹತ್ತು ವಾರ ಮಾತ್ರ ಬಾಡಿಗೆಗೆ ಕೊಡುವ ಮನೆ, ವಯಸ್ಸಾದ ದಂಪತಿ ನಡೆಸುವ ತೋಟದ ಮನೆ ಇಂಥವರಿಗೆ ಕಾರ್ಡ್ ಯಂತ್ರ ಅಂದರೆ ಖರ್ಚು. ಪ್ರತಿ ವ್ಯವಹಾರದ ಮೇಲೆ ಶುಲ್ಕ ಕೊಡಬೇಕು, ಎಷ್ಟೋ ಕಡೆ ತಿಂಗಳ ಬಾಡಿಗೆಯೂ ಇರುತ್ತದೆ. ಅತಿಥಿ ಬಂದು ಹೋದ ಮೇಲೂ ಕಾರ್ಡ್ ಕಂಪನಿ ಹಣವನ್ನು ಹಿಂದಕ್ಕೆ ಎಳೆಯಬಹುದು ಎಂಬ ಭಯ ಬೇರೆ. ಯುರೋಪಿನ ಒಕ್ಕೂಟದಲ್ಲಿ 2018ರಿಂದ ಸಾಮಾನ್ಯ ಗ್ರಾಹಕರ ಕಾರ್ಡ್‌ಗಳಿಗೆ ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ. ಹಾಗಾಗಿ ಆ ಖರ್ಚನ್ನು ಅತಿಥಿಯ ಮೇಲೆ ಹೊರಿಸುವ ದಾರಿಯೂ ಅಲ್ಲಿನ ಮಾಲೀಕರಿಗೆ ಇಲ್ಲ. ಜಪಾನಿನಲ್ಲಿ ಮನೆಯವರೇ ನಡೆಸುವ ಸಣ್ಣ ವಸತಿಗಳಾದ ಮಿನ್‌ಶುಕುಗಳಲ್ಲಿ ನಗದು ಕೊಡುವುದು ಹಳೆಯ ರೂಢಿ. ಅವುಗಳಲ್ಲಿ ಎಷ್ಟೋ ಕಡೆ ಮುಂಗಡವನ್ನೇ ಕೇಳುವುದಿಲ್ಲ, ಬಂದ ದಿನ ಕೊಟ್ಟರೆ ಸಾಕು.

ತೊಂದರೆ ಏನೆಂದರೆ, ಮೋಸಗಾರರಿಗೂ ಕಾರ್ಡ್ ಬೇಡ. ಪ್ರಾಮಾಣಿಕ ಮಾಲೀಕರು ಬರೆಯುವ ಅದೇ ಸಾಲನ್ನು ಅವರೂ ಬರೆಯುತ್ತಾರೆ. ಸಾಲು ನೋಡಿ ಇಬ್ಬರನ್ನು ಬೇರೆ ಮಾಡಲಾಗದು. ಬೇರೆ ಗುರುತು ಹುಡುಕಬೇಕು.

## ಕಾರ್ಡ್ ಇಲ್ಲದಾಗ ಕೈತಪ್ಪುವುದು ಏನು

ಕಾರ್ಡ್‌ನಲ್ಲಿ ಕೊಟ್ಟ ಹಣಕ್ಕೆ ನಡುವೆ ಒಬ್ಬರು ಇರುತ್ತಾರೆ. ಮನೆ ಇಲ್ಲವೇ ಇಲ್ಲ ಎಂದಾದರೆ ಅಥವಾ ಬಾಗಿಲು ತೆರೆಯುವವರೇ ಇಲ್ಲದಿದ್ದರೆ ನಿಮ್ಮ ಬ್ಯಾಂಕ್‌ಗೆ ದೂರು ಕೊಡಬಹುದು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳ ಪ್ರಕಾರ ಬ್ಯಾಂಕ್ ಆ ಹಣವನ್ನು ಹಿಂದಕ್ಕೆ ಕೇಳಬಹುದು. ಇದನ್ನು ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ 120 ದಿನಗಳ ಗಡುವು. ಸೇವೆ ಸಿಗಲಿಲ್ಲ ಎಂಬ ದೂರುಗಳಲ್ಲಿ ಆ ಗಡುವನ್ನು ಹಣ ಕೊಟ್ಟ ದಿನದಿಂದಲ್ಲ, ಸೇವೆ ಸಿಗಬೇಕಿದ್ದ ದಿನದಿಂದ ಎಣಿಸುತ್ತಾರೆ. ಡೆಬಿಟ್ ಕಾರ್ಡ್‌ಗೂ ಈ ಸೌಲಭ್ಯ ಇದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆದ್ದರಿಂದ "ಕ್ರೆಡಿಟ್ ಕಾರ್ಡ್ ಇಲ್ಲ" ಎಂದವರನ್ನು "ಡೆಬಿಟ್ ಕಾರ್ಡ್ ಆಗುತ್ತದೆಯೇ" ಎಂದು ಒಮ್ಮೆ ಕೇಳಿ. ಶುಲ್ಕ ಕಡಿಮೆ ಎಂಬ ಕಾರಣಕ್ಕೆ ಡೆಬಿಟ್ ಕಾರ್ಡನ್ನು ಮಾತ್ರ ಒಪ್ಪುವವರೂ ಇದ್ದಾರೆ.

ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗುವ ಹಣಕ್ಕೆ ಇಂಥ ನಡುವಿನವರು ಇರುವುದಿಲ್ಲ. ಅಲ್ಲಿನ ಖಾತೆಗೆ ಜಮೆ ಆದ ಮೇಲೆ ಖಾತೆದಾರರು ಒಪ್ಪದೆ ಅದು ತಾನಾಗಿ ಹಿಂದೆ ಬರುವುದಿಲ್ಲ. ದೇಶದ ಒಳಗಿನ ವಂಚನೆಗೆ ಪರಿಹಾರದ ನಿಯಮ ಇರುವ ಕಡೆಯೂ ಅದು ಗಡಿ ದಾಟುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್‌ನಿಂದ ಮೋಸಹೋಗಿ ಹಣ ಕಳಿಸಿದವರಿಗೆ ಬ್ಯಾಂಕ್‌ಗಳೇ 85,000 ಪೌಂಡ್‌ವರೆಗೆ ತುಂಬಿಕೊಡಬೇಕೆಂಬ ನಿಯಮ ಬಂತು. ಆದರೆ ಹೊರದೇಶದ ಖಾತೆಗೆ ಹೋದ ಹಣಕ್ಕೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ರಕ್ಷಣೆಯನ್ನು ನಾವೇ ಕಟ್ಟಿಕೊಳ್ಳಬೇಕು. ಮುಂಚೆ ಕಳಿಸುವ ಮೊತ್ತ ಆದಷ್ಟು ಚಿಕ್ಕದಿರಬೇಕು. ಆ ಖಾತೆ ನಿಜಕ್ಕೂ ಆ ಮನೆಯವರದ್ದೇ ಎಂದು ಕಳಿಸುವ ಮೊದಲೇ ಖಚಿತವಾಗಬೇಕು. ಮುಂದೆ ಹೇಳುವುದೆಲ್ಲ ಈ ಎರಡಕ್ಕೇ ಸಂಬಂಧಿಸಿದ್ದು.

## ಮುಂಗಡ: ಎಷ್ಟು, ಯಾವ ಹೆಸರಿನಲ್ಲಿ

ಶೇ 20ರಿಂದ 30ರಷ್ಟು ಮುಂಗಡ ಕೇಳುವುದು ಸಹಜ. ಶೇ 50 ಕೇಳಿದರೆ ಚೌಕಾಸಿ ಮಾಡಿ. ಪೂರ್ತಿ ಹಣವನ್ನು ತಿಂಗಳುಗಟ್ಟಲೆ ಮುಂಚೆ ಕೇಳಿದರೆ, "ಮುಂಗಡ ಈಗ, ಬಾಕಿ ಕೀಲಿಕೈ ಕೈಗೆ ಬಂದಾಗ" ಎಂದು ಉತ್ತರ ಬರೆದು ನೋಡಿ. ನಿಜವಾದ ಮಾಲೀಕರಲ್ಲಿ ಹೆಚ್ಚಿನವರು ಒಪ್ಪುತ್ತಾರೆ, ಅಥವಾ ಒಪ್ಪದಿರುವುದಕ್ಕೆ ಕಾರಣ ಹೇಳುತ್ತಾರೆ. ಮೋಸಗಾರರಿಗೆ ಬಾಕಿ ಎಂದೂ ಸಿಗುವುದಿಲ್ಲ. ಹಾಗಾಗಿ ಅವರು ರಿಯಾಯಿತಿಯ ಆಸೆ ತೋರಿಸಿ ಪೂರ್ತಿ ಹಣವನ್ನು ಇವತ್ತೇ ಕೇಳುತ್ತಾರೆ. "ಇನ್ನೊಬ್ಬರು ಕಾಯುತ್ತಿದ್ದಾರೆ, ಸಂಜೆಯೊಳಗೆ ಹಾಕಿ" ಎನ್ನುವ ಅವಸರವೂ ಆ ಕಡೆಯಿಂದಲೇ ಹೆಚ್ಚು.

ಮುಂಗಡಕ್ಕೆ ಯಾವ ಪದ ಬಳಸಿದ್ದಾರೆ ಎನ್ನುವುದನ್ನು ಎಚ್ಚರಿಕೆಯಿಂದ ಓದಿ. ಕೆಲವು ದೇಶಗಳಲ್ಲಿ ಆ ಪದದ ಹಿಂದೆ ಕಾನೂನು ನಿಂತಿದೆ. ಫ್ರಾನ್ಸ್‌ನಲ್ಲಿ "ಆರ್" (arrhes) ಮತ್ತು "ಆಕೋಂತ್" (acompte) ಎಂದು ಎರಡು ಬಗೆ. ಆರ್ ಕೊಟ್ಟಿದ್ದರೆ ನೀವು ಹಿಂದೆ ಸರಿಯಬಹುದು, ಮುಂಗಡ ಮಾತ್ರ ಹೋಗುತ್ತದೆ. ಮಾಲೀಕರೇ ಹಿಂದೆ ಸರಿದರೆ ಅದರ ಎರಡರಷ್ಟು ವಾಪಸ್ ಕೊಡಬೇಕು. ಆಕೋಂತ್ ಕೊಟ್ಟರೆ ಅದು ಪಕ್ಕಾ ಒಪ್ಪಂದ. ನೀವು ಹೋಗದಿದ್ದರೂ ಪೂರ್ತಿ ಬಾಡಿಗೆ ಕೇಳುವ ಹಕ್ಕು ಅವರಿಗೆ ಇರಬಹುದು. ಇಟಲಿಯ "ಕಪಾರ್ರಾ ಕನ್ಫಿರ್ಮತೋರಿಯಾ"ಕ್ಕೂ ಅಲ್ಲಿನ ನಾಗರಿಕ ಸಂಹಿತೆಯ 1385ನೇ ವಿಧಿಯಲ್ಲಿ ಇಂಥದೇ ನಿಯಮ ಇದೆ: ಕೊಟ್ಟವರು ಮಾತು ತಪ್ಪಿದರೆ ಮುಂಗಡ ಹೋಯಿತು, ಪಡೆದವರು ತಪ್ಪಿದರೆ ಎರಡು ಪಟ್ಟು ಕೊಡಬೇಕು. "ಅಕ್ಕೊಂತೊ" ಎಂದಿದ್ದರೆ ಅದು ಬಾಡಿಗೆಯ ಒಂದು ಭಾಗ ಅಷ್ಟೇ, ಈ ಎರಡು ಪಟ್ಟಿನ ಮಾತು ಅದಕ್ಕಿಲ್ಲ. ದೂರದ ದೇಶದಲ್ಲಿ ಕುಳಿತು ಇದನ್ನು ಕೋರ್ಟಿಗೆ ಒಯ್ಯುವುದು ಸುಲಭವಲ್ಲ, ನಿಜ. ಆದರೂ ಮೇಲ್‌ನಲ್ಲಿ ಆ ಪದ ಬರೆದಿದ್ದರೆ ಮಾತುಕತೆಯ ದಾರಿ ಬೇರೆಯೇ ಆಗುತ್ತದೆ.

ಹಣ ಕಳಿಸುವ ಮೊದಲು ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ. ಮನೆಯ ಪೂರ್ತಿ ವಿಳಾಸ, ಮಾಲೀಕರ ಹೆಸರು, ಬರುವ ಮತ್ತು ಹೊರಡುವ ದಿನ, ಒಟ್ಟು ಬಾಡಿಗೆ, ಮುಂಗಡ, ಬಾಕಿ ಕೊಡುವ ದಿನ ಮತ್ತು ವಿಧಾನ, ಸ್ವಚ್ಛತೆಯ ಶುಲ್ಕ, ಪ್ರವಾಸಿ ತೆರಿಗೆ, ರದ್ದಾದರೆ ಏನು ಎಂಬುದೆಲ್ಲ ಅದರಲ್ಲಿ ಇರಲಿ. ಮೇಲ್‌ನ ರೂಪದಲ್ಲಿದ್ದರೂ ಸಾಕು. ಇದಿಲ್ಲದಿದ್ದರೆ ನಾಳೆ ಬ್ಯಾಂಕ್‌ಗೆ ದೂರು ಕೊಡುವಾಗ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

## ಬ್ಯಾಂಕ್ ವರ್ಗಾವಣೆಯ ಒಳಗೆ ನಡೆಯುವುದು

ಹೊರದೇಶಕ್ಕೆ ಹಣ ಕಳಿಸುವಾಗ ಸ್ವಿಫ್ಟ್ ಎಂಬ ಹೆಸರು ಬರುತ್ತದೆ. ಇದು 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಸಂಸ್ಥೆ. ಸ್ವಿಫ್ಟ್ ಹಣವನ್ನು ಸಾಗಿಸುವುದಿಲ್ಲ, ಅದು ಸಾಗಿಸುವುದು ಸಂದೇಶವನ್ನು. "ನನ್ನ ಲೆಕ್ಕದಿಂದ ಇಷ್ಟು ತೆಗೆದು ಇಂಥವರಿಗೆ ಕೊಡಿ" ಎಂದು ಒಂದು ಬ್ಯಾಂಕ್ ಇನ್ನೊಂದಕ್ಕೆ ಬರೆಯುವ ಚೀಟಿ ಎನ್ನಿ. ಎರಡೂ ಬ್ಯಾಂಕ್‌ಗಳ ನಡುವೆ ನೇರ ಲೆಕ್ಕ ಇಲ್ಲದಿದ್ದರೆ ನಡುವೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕ್‌ಗಳು ಬರುತ್ತವೆ. ಸಾಲಾಗಿ ನಿಂತವರು ನೀರಿನ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸಿದಂತೆ ಹಣ ಮುಂದೆ ಹೋಗುತ್ತದೆ, ಪ್ರತಿ ಕೈಯಲ್ಲೂ ಸ್ವಲ್ಪ ಚೆಲ್ಲುತ್ತದೆ.

ಆ ಚೆಲ್ಲಿದ್ದು ಯಾರ ಲೆಕ್ಕಕ್ಕೆ ಎಂದು ತೀರ್ಮಾನಿಸಲು ಫಾರ್ಮ್‌ನಲ್ಲಿ ಮೂರು ಆಯ್ಕೆಗಳಿರುತ್ತವೆ. "ಅವರ್" (ಇಂಗ್ಲಿಷಿನ OUR, "ನಮ್ಮದು") ಎಂದರೆ ಎಲ್ಲ ಶುಲ್ಕ ಕಳಿಸುವವರದು. "ಶಾ" ಎಂದರೆ ನಿಮ್ಮ ಬ್ಯಾಂಕಿನ ಶುಲ್ಕ ನಿಮಗೆ, ದಾರಿಯಲ್ಲಿನ ಮತ್ತು ಆ ಕಡೆಯ ಶುಲ್ಕ ಪಡೆಯುವವರಿಗೆ. "ಬೆನ್" ಎಂದರೆ ಎಲ್ಲವೂ ಪಡೆಯುವವರ ತಲೆಗೆ. ವಸತಿಯ ಮುಂಗಡದಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಲೆಕ್ಕಕ್ಕೆಂದು ವಾರದ ಬಾಡಿಗೆ 700 ಯೂರೊ, ಮುಂಗಡ 210 ಯೂರೊ ಎಂದಿಟ್ಟುಕೊಳ್ಳಿ. ನೀವು ಶಾ ಆಯ್ದು 210 ಕಳಿಸುತ್ತೀರಿ, ಮಧ್ಯವರ್ತಿ ಬ್ಯಾಂಕ್ 15 ಮುರಿದುಕೊಳ್ಳುತ್ತದೆ, ಮಾಲೀಕರ ಖಾತೆಗೆ 195 ಬರುತ್ತದೆ. ನಿಮ್ಮ ರಸೀದಿಯಲ್ಲಿ 210 ಇದೆ, ಅವರ ಪಾಸ್‌ಬುಕ್ಕಿನಲ್ಲಿ 195 ಇದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೀಗಾಗದಿರಲು ಅವರ್ ಆಯ್ಕೆ ಮಾಡಿ, ಅಥವಾ "ನಿಮ್ಮ ಖಾತೆಗೆ ಬಂದದ್ದೆಷ್ಟೋ ಅದರ ಮೇಲೆ ಬಾಕಿ ಲೆಕ್ಕ ಹಾಕೋಣ" ಎಂದು ಮೊದಲೇ ಬರೆದುಕೊಳ್ಳಿ.

ಶುಲ್ಕಕ್ಕಿಂತ ಹೆಚ್ಚು ಹಣ ಸದ್ದಿಲ್ಲದೆ ಹೋಗುವುದು ವಿನಿಮಯ ದರದಲ್ಲಿ. ಸುದ್ದಿಯಲ್ಲಿ ಕಾಣುವ ಮಧ್ಯದರಕ್ಕೂ ಬ್ಯಾಂಕ್ ನಿಮಗೆ ಕೊಡುವ ದರಕ್ಕೂ ಅಂತರ ಇರುತ್ತದೆ. "ಶುಲ್ಕ ಇಲ್ಲ" ಎಂದು ಬರೆದಿದ್ದರೂ ಈ ಅಂತರದಲ್ಲಿ ಅದು ಸೇರಿಕೊಂಡಿರಬಹುದು. ಹೋಲಿಸುವಾಗ ದರವನ್ನೂ ಶುಲ್ಕವನ್ನೂ ಬೇರೆ ಬೇರೆ ನೋಡಬೇಡಿ. "ಅವರಿಗೆ ಸರಿಯಾಗಿ 210 ಯೂರೊ ಮುಟ್ಟಬೇಕು, ನನ್ನ ಖಾತೆಯಿಂದ ಒಟ್ಟು ಎಷ್ಟು ಹೋಗುತ್ತದೆ" ಎಂಬ ಒಂದೇ ಪ್ರಶ್ನೆ ಕೇಳಿ. ಕಳಿಸುವುದನ್ನು ಯಾವಾಗಲೂ ಮಾಲೀಕರ ಕರೆನ್ಸಿಯಲ್ಲೇ ಕಳಿಸಿ. ನಿಮ್ಮ ಕರೆನ್ಸಿಯಲ್ಲಿ ಕಳಿಸಿದರೆ ಆ ಕಡೆಯ ಬ್ಯಾಂಕ್ ತನ್ನ ದರದಲ್ಲಿ ಬದಲಾಯಿಸುತ್ತದೆ, ಮೊತ್ತ ಮತ್ತೆ ಕಡಿಮೆ ಬೀಳುತ್ತದೆ.

ಯೂರೊ ಪಾವತಿಗೆಂದು ಯುರೋಪಿನ ದೇಶಗಳು ಸೇರಿ ಮಾಡಿಕೊಂಡ ಸೇಪಾ ವಲಯದ ಒಳಗೆ ಈ ತಲೆನೋವು ಹೆಚ್ಚಾಗಿ ಇಲ್ಲ. ಅಲ್ಲಿ ಕಳಿಸಿದ ಮೊತ್ತ ಪೂರ್ತಿ ಮುಟ್ಟುತ್ತದೆ, ಸಾಮಾನ್ಯವಾಗಿ ಮರುದಿನದೊಳಗೆ. ಹೊರಗಿನಿಂದ ಬರುವ ಹಣಕ್ಕೆ ಒಂದರಿಂದ ಐದು ಕೆಲಸದ ದಿನ ಹಿಡಿಯಬಹುದು. ಎರಡೂ ದೇಶಗಳ ರಜಾದಿನಗಳು ಲೆಕ್ಕಕ್ಕೆ ಬರುತ್ತವೆ. ಗಡುವಿನ ಹಿಂದಿನ ದಿನ ಕಳಿಸಿದರೆ ಮಾಲೀಕರು ಮನೆಯನ್ನು ಬೇರೆಯವರಿಗೆ ಕೊಟ್ಟಾರು. ಒಂದು ವಾರ ಕೈಯಲ್ಲಿರಲಿ.

ಸಂದೇಶದ ಜಾಗದಲ್ಲಿ 140 ಅಕ್ಷರ ಹಿಡಿಯುತ್ತದೆ. ನಿಮ್ಮ ಹೆಸರು, ತಂಗುವ ದಿನಾಂಕ, "ಬಾಡಿಗೆ ಮುಂಗಡ" ಎಂಬ ಅರ್ಥದ ಮಾತು ಇದ್ದರೆ ಸಾಕು. ಅಲಂಕಾರ ಬೇಡ. ನಿರ್ಬಂಧ ಇರುವ ದೇಶದ ಅಥವಾ ಊರಿನ ಹೆಸರನ್ನು ಹೋಲುವ ಪದ ಮನೆಯ ಹೆಸರಿನಲ್ಲಿದ್ದರೆ ಅದನ್ನು ಬರೆಯದಿರುವುದೇ ವಾಸಿ. ತಪಾಸಣೆಯ ಯಂತ್ರ ಅದನ್ನು ತಡೆದು ನಿಲ್ಲಿಸಿದರೆ ವಿವರಣೆ ಕೊಡುತ್ತ ದಿನಗಳು ಹೋಗುತ್ತವೆ.

## ಐಬ್ಯಾನ್ ಸಂಖ್ಯೆಯನ್ನು ಓದುವುದು

ಯುರೋಪು ಮತ್ತು ಇನ್ನೂ ಹಲವು ದೇಶಗಳಲ್ಲಿ ಖಾತೆಯನ್ನು ಐಬ್ಯಾನ್ ಎಂಬ ಉದ್ದ ಸಂಖ್ಯೆಯಿಂದ ಗುರುತಿಸುತ್ತಾರೆ. ಗರಿಷ್ಠ 34 ಅಕ್ಷರ. ಒಂದೊಂದು ದೇಶಕ್ಕೂ ಉದ್ದ ನಿಗದಿಯಾಗಿದೆ: ಜರ್ಮನಿ 22, ಸ್ಪೇನ್ 24, ಪೋರ್ಚುಗಲ್ 25, ಫ್ರಾನ್ಸ್, ಇಟಲಿ, ಗ್ರೀಸ್ ಮೂರಕ್ಕೂ 27. ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಅದು ತಪ್ಪು.

ಮೊದಲ ಎರಡು ಅಕ್ಷರ ದೇಶದ ಗುರುತು. ನಂತರದ ಎರಡು ಅಂಕಿ ಪರೀಕ್ಷಾ ಅಂಕಿಗಳು. ಉಳಿದದ್ದು ಆ ದೇಶದ ಒಳಗಿನ ವಿವರ. ಜರ್ಮನಿಯದಾದರೆ 8 ಅಂಕಿ ಬ್ಯಾಂಕ್ ಯಾವುದೆಂದು ಹೇಳುತ್ತದೆ, 10 ಅಂಕಿ ಖಾತೆ. ಇಟಲಿಯದಾದರೆ ಒಂದು ಅಕ್ಷರ, 5 ಅಂಕಿ ಬ್ಯಾಂಕ್, 5 ಅಂಕಿ ಶಾಖೆ, ಕೊನೆಯ 12 ಖಾತೆ. ಅಂದರೆ ಇಟಲಿಯ ಸಂಖ್ಯೆ ನೋಡಿದರೆ ಖಾತೆ ಯಾವ ಊರಿನ ಶಾಖೆಯದೆಂದೂ ಪತ್ತೆ ಮಾಡಬಹುದು. ಮನೆ ಇರುವ ಊರಿನ ಆಸುಪಾಸಿನ ಶಾಖೆಯೇ ಆಗಿದ್ದರೆ ಒಳ್ಳೆಯ ಲಕ್ಷಣ.

ಪರೀಕ್ಷಾ ಅಂಕಿಗಳ ಕೆಲಸ ಹೀಗೆ: ಮೊದಲ ನಾಲ್ಕು ಅಕ್ಷರಗಳನ್ನು ಎತ್ತಿ ಕೊನೆಗೆ ಹಾಕಬೇಕು, ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರಕ್ಕೆ 10, ಎರಡನೆಯದಕ್ಕೆ 11, ಹೀಗೆ ಕೊನೆಯ ಅಕ್ಷರಕ್ಕೆ 35 ಎಂದು ಅಕ್ಷರಗಳನ್ನೆಲ್ಲ ಅಂಕಿ ಮಾಡಬೇಕು, ಬಂದ ದೊಡ್ಡ ಸಂಖ್ಯೆಯನ್ನು 97ರಿಂದ ಭಾಗಿಸಬೇಕು. ಶೇಷ 1 ಬಂದರೆ ಸಂಖ್ಯೆಯ ರಚನೆ ಸರಿ. ಬೆರಳು ತಪ್ಪಿ ಒಂದು ಅಂಕಿ ಬದಲಾದರೆ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಇದು ಹಿಡಿದುಬಿಡುತ್ತದೆ. ಬ್ಯಾಂಕಿನ ಆ್ಯಪ್ ಇದನ್ನು ತಾನೇ ಮಾಡುತ್ತದೆ.

ಆದರೆ ಇಲ್ಲಿ ಒಂದು ಭ್ರಮೆ ಬೇಡ. ಆ್ಯಪ್‌ನಲ್ಲಿ ಹಸಿರು ಗುರುತು ಬಂದರೆ ಸಂಖ್ಯೆ ಸರಿ ಎಂದರ್ಥ, ಖಾತೆ ಮಾಲೀಕರದ್ದು ಎಂದಲ್ಲ. ಮೋಸಗಾರರ ಐಬ್ಯಾನ್‌ಗೂ ಹಸಿರೇ ಬರುತ್ತದೆ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಮುಂತಾದ ಕಡೆ ಐಬ್ಯಾನ್ ಇಲ್ಲ. ಅಮೆರಿಕಕ್ಕೆ ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೂಟಿಂಗ್ ಸಂಖ್ಯೆ, ಆಸ್ಟ್ರೇಲಿಯಾಕ್ಕೆ ಬ್ಯಾಂಕ್ ಶಾಖೆಯನ್ನು ಗುರುತಿಸುವ 6 ಅಂಕಿಯ ಬಿಎಸ್‌ಬಿ, ಜೊತೆಗೆ ಖಾತೆ ಸಂಖ್ಯೆ ಬೇಕು. ಎಲ್ಲೆಡೆಯೂ ಬ್ಯಾಂಕಿನ ಬಿಐಸಿ ಅಥವಾ ಸ್ವಿಫ್ಟ್ ಕೋಡ್ ಕೇಳುತ್ತಾರೆ. ಅದು 8 ಅಥವಾ 11 ಅಕ್ಷರ. 5 ಮತ್ತು 6ನೇ ಅಕ್ಷರ ದೇಶದ ಗುರುತು. ಐಬ್ಯಾನ್‌ನ ಮೊದಲ ಎರಡು ಅಕ್ಷರಕ್ಕೆ ಅದು ತಾಳೆ ಆಗುತ್ತದೆಯೇ ನೋಡಿ.

## ಖಾತೆ ಯಾರದು?

ಇಡೀ ವ್ಯವಹಾರದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಪ್ರಶ್ನೆಗೆ. ಸ್ವಿಫ್ಟ್ ದಾರಿಯಲ್ಲಿ ಹೋದ ಹಣವನ್ನು ಎಷ್ಟೋ ಬ್ಯಾಂಕ್‌ಗಳು ಖಾತೆ ಸಂಖ್ಯೆಯನ್ನಷ್ಟೇ ನೋಡಿ ಜಮೆ ಮಾಡುತ್ತವೆ. ನೀವು ಬರೆದ ಹೆಸರಿಗೂ ಖಾತೆಯ ಹೆಸರಿಗೂ ಸಂಬಂಧ ಇಲ್ಲದಿದ್ದರೂ ಹಣ ಸೇರಿಬಿಡಬಹುದು. ಯೂರೊ ಬಳಸುವ ದೇಶಗಳ ಬ್ಯಾಂಕ್‌ಗಳು 2025ರ ಅಕ್ಟೋಬರ್ 9ರಿಂದ ಯೂರೊ ವರ್ಗಾವಣೆಗೆ ಮುಂಚೆ ಹೆಸರು ತಾಳೆ ನೋಡಿ ಹೇಳಬೇಕು. ಹೊಂದುತ್ತದೆ, ಹತ್ತಿರ ಇದೆ, ಹೊಂದುವುದಿಲ್ಲ ಎಂಬ ಉತ್ತರಗಳಲ್ಲಿ ಒಂದು ಬರುತ್ತದೆ. ನೀವು ಕಳಿಸುತ್ತಿರುವ ದಾರಿಯಲ್ಲಿ ಈ ಸೌಲಭ್ಯ ಇದ್ದು "ಹೊಂದುವುದಿಲ್ಲ" ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. "ಅದು ನನ್ನ ಸಂಬಂಧಿಯ ಖಾತೆ", "ಲೆಕ್ಕಪರಿಶೋಧಕರ ಖಾತೆ" ಎನ್ನುವ ಉತ್ತರಕ್ಕೆ ಸಮಾಧಾನವಾಗಬೇಡಿ.

ಖಾತೆಯ ದೇಶ ಮತ್ತು ಮನೆಯ ದೇಶ ಬೇರೆಯಾದರೆ ಕಾರಣ ಕೇಳಿ. ಇದೊಂದೇ ಮೋಸದ ಸಾಕ್ಷಿಯಲ್ಲ. ರೆವೊಲ್ಯೂಟ್, ವೈಸ್‌ನಂಥ ಆನ್‌ಲೈನ್ ಸೇವೆ ಬಳಸುವ ಮಾಲೀಕರ ಐಬ್ಯಾನ್ ಲಿಥುವೇನಿಯಾದ ಎಲ್‌ಟಿ ಅಥವಾ ಬೆಲ್ಜಿಯಂನ ಬಿಇ ಅಕ್ಷರಗಳಿಂದ ಶುರುವಾಗಬಹುದು. ಹೊರದೇಶದಲ್ಲಿ ನೆಲೆಸಿ ರಜೆಯ ಮನೆ ಬಾಡಿಗೆಗೆ ಕೊಡುವವರೂ ಇದ್ದಾರೆ. ಉತ್ತರ ಸಹಜವಾಗಿದೆಯೇ, ಮಾಲೀಕರ ಹೆಸರಿಗೇ ಖಾತೆ ಇದೆಯೇ ಎಂಬುದು ಮುಖ್ಯ.

ಮನೆ ನಿಜವೇ ಎಂದು ತಿಳಿಯಲು ನೋಂದಣಿ ಸಂಖ್ಯೆ ಕೇಳಿ. ಪೋರ್ಚುಗಲ್‌ನಲ್ಲಿ ಎಎಲ್ ಸಂಖ್ಯೆ, ಇಟಲಿಯಲ್ಲಿ ಸಿಐಎನ್, ಗ್ರೀಸ್‌ನಲ್ಲಿ ಎಎಂಎ ಇರುತ್ತದೆ. ಜಪಾನಿನಲ್ಲಿ 2018ರ ಕಾನೂನಿನ ಪ್ರಕಾರ ಬಾಡಿಗೆಗೆ ಕೊಡುವ ಮನೆಗೆ ಎಂ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಸ್ಪೇನ್‌ನಲ್ಲಿ ಆನ್‌ಲೈನ್ ಜಾಹೀರಾತು ಹಾಕುವ ಅಲ್ಪಾವಧಿ ಬಾಡಿಗೆಗೆ 2025ರ ಜುಲೈಯಿಂದ ರಾಷ್ಟ್ರೀಯ ನೋಂದಣಿ ಬೇಕು. ಸಂಖ್ಯೆ ಸಿಕ್ಕರೆ ಸರ್ಕಾರಿ ದಾಖಲೆಯಲ್ಲಿ ಹುಡುಕಿ, ವಿಳಾಸ ತಾಳೆ ನೋಡಿ. ನಿಜವಾದ ಮನೆಯ ಸಂಖ್ಯೆಯನ್ನೇ ನಕಲು ಮಾಡಿ ಹಾಕುವವರು ಇದ್ದಾರೆ. ಹಾಗಾಗಿ ಸಂಖ್ಯೆ ಇದೆ ಎಂಬಷ್ಟಕ್ಕೆ ನಿಲ್ಲಬೇಡಿ.

ಫೋಟೊಗಳನ್ನು ಚಿತ್ರ ಹುಡುಕಾಟದಲ್ಲಿ ಹಾಕಿ ನೋಡಿ. ಅದೇ ಸೋಫಾ, ಅದೇ ಬಾಲ್ಕನಿ ಬೇರೆ ಊರಿನ ಬೇರೆ ಹೆಸರಿನ ಮನೆಯಲ್ಲಿ ಕಂಡರೆ ಮುಂದೆ ಯೋಚಿಸುವುದೇ ಬೇಡ. ನಕ್ಷೆಯ ರಸ್ತೆ ನೋಟದಲ್ಲಿ ಕಿಟಕಿಗಳ ಸಂಖ್ಯೆ, ಗೇಟಿನ ಆಕಾರ, ಎದುರಿನ ಮರ ಹೋಲುತ್ತವೆಯೇ ನೋಡಿ. ಇದೆಲ್ಲಕ್ಕಿಂತ ಗಟ್ಟಿಯಾದದ್ದು ವಿಡಿಯೊ ಕರೆ. ಹತ್ತು ನಿಮಿಷ ಸಾಕು. ಕರೆಯನ್ನು ಕೋಣೆಯೊಳಗಿಂದಲ್ಲ, ರಸ್ತೆಯಿಂದ ಶುರು ಮಾಡಲು ಹೇಳಿ: ಮನೆ ಸಂಖ್ಯೆಯ ಫಲಕ, ಗೇಟು, ಬಾಗಿಲಿಗೆ ಕೀಲಿ ಹಾಕಿ ತೆರೆಯುವುದು, ಒಳಗೆ ಹೋಗಿ ಕಿಟಕಿಯಿಂದ ಅದೇ ರಸ್ತೆ ತೋರಿಸುವುದು. ಆ ಕ್ಷಣಕ್ಕೆ ಹೊಳೆದ ಏನನ್ನಾದರೂ ಕೇಳಿ, ಅಡುಗೆಮನೆಯ ಮೇಲಿನ ಕಪಾಟು ತೆರೆಯಿರಿ ಅಂತಲೋ, ಸ್ನಾನದ ಮನೆಯ ನಲ್ಲಿ ತಿರುಗಿಸಿ ಅಂತಲೋ. ಮೊದಲೇ ಸಿದ್ಧಮಾಡಿಟ್ಟ ವಿಡಿಯೊದಲ್ಲಿ ಇದು ಸಾಧ್ಯವಿಲ್ಲ. ಪಾಸ್‌ಪೋರ್ಟಿನ ಫೋಟೊ ಕಳಿಸಿದರೆ ಅದನ್ನು ಪುರಾವೆ ಎಂದುಕೊಳ್ಳಬೇಡಿ. ಕದ್ದ ಪಾಸ್‌ಪೋರ್ಟ್ ಪ್ರತಿಗಳು ಈ ವಂಚಕರ ಬಳಿ ಬೇಕಾದಷ್ಟು ಇರುತ್ತವೆ.

ಮಾಲೀಕರು ನಿಜ, ಮನೆ ನಿಜ, ಆದರೂ ಹಣ ಮಾತ್ರ ಕಳ್ಳರ ಪಾಲಾಗುವ ದಾರಿ ಇನ್ನೊಂದಿದೆ. ಮಾಲೀಕರ ಮೇಲ್ ಪೆಟ್ಟಿಗೆಗೆ ಯಾರೋ ನುಗ್ಗಿ ಕುಳಿತು ಮಾತುಕತೆ ಓದುತ್ತಿರುತ್ತಾರೆ. ಮುಂಗಡದ ದಿನ ಬಂದಾಗ ಅದೇ ವಿಳಾಸದಿಂದ, ಅದೇ ಶೈಲಿಯಲ್ಲಿ ಒಂದು ಮೇಲ್ ಬರುತ್ತದೆ: "ನಮ್ಮ ಖಾತೆಯಲ್ಲಿ ಲೆಕ್ಕಪರಿಶೋಧನೆ ನಡೆಯುತ್ತಿದೆ, ದಯವಿಟ್ಟು ಈ ಹೊಸ ಖಾತೆಗೆ ಹಾಕಿ." ದೊಡ್ಡ ಬುಕಿಂಗ್ ತಾಣಗಳ ಚಾಟ್‌ನಲ್ಲೂ ಹೀಗೆ ಆಗುತ್ತದೆ. ವಸತಿಯವರ ಪಾಸ್‌ವರ್ಡ್ ಕದ್ದವರು ಅವರ ಹೆಸರಿನಲ್ಲೇ ಲಿಂಕ್ ಕಳಿಸುತ್ತಾರೆ. ಇದಕ್ಕೆ ಮದ್ದು ಒಂದೇ. ಖಾತೆಯ ವಿವರ ಮೇಲ್‌ನಲ್ಲಿ ಬಂದರೆ ಫೋನಿನಲ್ಲಿ ಖಚಿತಪಡಿಸಿಕೊಳ್ಳಿ, ಆ ಫೋನ್ ಸಂಖ್ಯೆಯನ್ನೂ ಅದೇ ಮೇಲ್‌ನಿಂದ ತೆಗೆದುಕೊಳ್ಳಬೇಡಿ. ಊರಿನ ಪ್ರವಾಸೋದ್ಯಮ ಕಚೇರಿಯ ಪಟ್ಟಿ ಅಥವಾ ನಕ್ಷೆಯಲ್ಲಿ ಮೊದಲಿನಿಂದ ಇದ್ದ ಸಂಖ್ಯೆಗೆ ಕರೆ ಮಾಡಿ. ಖಾತೆ ಸಂಖ್ಯೆಯನ್ನು ನೀವು ಓದಿ "ಸರಿಯೇ" ಎಂದು ಕೇಳಬೇಡಿ, ಅವರಿಂದಲೇ ಓದಿಸಿ. ಕೊನೆಯ ಆರು ಅಂಕಿ ಸಾಕು.

ಮೊದಲು ಒಂದೆರಡು ಯೂರೊ ಕಳಿಸಿ ಪರೀಕ್ಷಿಸುವ ರೂಢಿ ಕೆಲವರಿಗಿದೆ. ಅಂಕಿ ತಪ್ಪಿಲ್ಲ, ದಾರಿ ತೆರೆದಿದೆ ಎಂಬುದು ಅದರಿಂದ ತಿಳಿಯುತ್ತದೆ. ಮೋಸ ಇಲ್ಲ ಎಂಬುದು ತಿಳಿಯುವುದಿಲ್ಲ, "ತಲುಪಿತು" ಎಂದು ಹೇಳುವುದಕ್ಕೆ ವಂಚಕರಿಗೇನು ಕಷ್ಟ? ಶುಲ್ಕವೂ ಎರಡು ಸಲ ಆಗುತ್ತದೆ. ಸ್ವಿಫ್ಟ್ ದಾರಿಯಲ್ಲಾದರೆ ಇದು ದುಡ್ಡು ದಂಡ.

## ಬ್ಯಾಂಕ್ ಬಿಟ್ಟು ಬೇರೆ ದಾರಿಗಳು

2011ರಲ್ಲಿ ಶುರುವಾದ ವೈಸ್‌ನಂಥ ಸೇವೆಗಳು ಮಧ್ಯವರ್ತಿಗಳ ಸಾಲನ್ನೇ ತಪ್ಪಿಸುತ್ತವೆ. ನಿಮ್ಮ ಹಣ ನಿಮ್ಮ ದೇಶದಲ್ಲಿರುವ ಅವರ ಖಾತೆಗೆ ಹೋಗುತ್ತದೆ, ಆ ದೇಶದಲ್ಲಿರುವ ಅವರ ಇನ್ನೊಂದು ಖಾತೆಯಿಂದ ಮಾಲೀಕರಿಗೆ ಸ್ಥಳೀಯ ವರ್ಗಾವಣೆಯಾಗಿ ಹೊರಡುತ್ತದೆ. ಗಡಿ ದಾಟುವುದು ಲೆಕ್ಕ ಮಾತ್ರ. ಮುಟ್ಟುವ ಮೊತ್ತ ಮೊದಲೇ ಗೊತ್ತಿರುತ್ತದೆ, ಸಣ್ಣ ಮುಂಗಡಕ್ಕೆ ಸಾಮಾನ್ಯವಾಗಿ ಇದೇ ಅಗ್ಗ. ಆದರೆ ಅಗ್ಗ ಎಂದರೆ ಸುರಕ್ಷಿತ ಎಂದಲ್ಲ. ಒಮ್ಮೆ ಮುಟ್ಟಿದ ಹಣ ಇಲ್ಲೂ ವಾಪಸ್ ಬರುವುದಿಲ್ಲ. ಮೇಲೆ ಹೇಳಿದ ಪರಿಶೀಲನೆ ಇದಕ್ಕೂ ಬೇಕು.

ಪೇಪಾಲ್ ಒಪ್ಪುವ ಮಾಲೀಕರು ಸಿಕ್ಕರೆ ಕಾರ್ಡ್ ಬಾಗಿಲು ಹಿಂದಿನಿಂದ ತೆರೆದಂತೆ. ನಿಮ್ಮ ಕಾರ್ಡ್‌ನಿಂದ ಪೇಪಾಲ್‌ಗೆ, ಅಲ್ಲಿಂದ ಅವರಿಗೆ ಹೋಗುತ್ತದೆ. ಇಲ್ಲಿ ಎರಡು ವಿಷಯ ನೆನಪಿರಲಿ. ಹಣ ಕಳಿಸುವಾಗ "ಫ್ರೆಂಡ್ಸ್ ಅಂಡ್ ಫ್ಯಾಮಿಲಿ" ಆಯ್ದರೆ ಖರೀದಿದಾರರ ರಕ್ಷಣೆ ಸಿಗುವುದಿಲ್ಲ, "ಗೂಡ್ಸ್ ಅಂಡ್ ಸರ್ವಿಸಸ್" ಆಗಿರಬೇಕು. ಶುಲ್ಕ ಉಳಿಯುತ್ತದೆಂದು ಮೊದಲನೆಯದರಲ್ಲಿ ಕಳಿಸಲು ಒತ್ತಾಯಿಸಿದರೆ, ಆ ಶುಲ್ಕವನ್ನು ನಾನೇ ಕೊಡುತ್ತೇನೆ ಎನ್ನಿ. ಎರಡನೆಯದು ದಿನದ ಲೆಕ್ಕ. ಅಲ್ಲಿ ತಕರಾರು ಎತ್ತಲು ಪಾವತಿಯ ದಿನದಿಂದ 180 ದಿನ ಮಾತ್ರ. ಎಂಟು ತಿಂಗಳು ಮುಂಚೆ ಹಣ ಕೊಟ್ಟರೆ ನೀವು ಆ ಮನೆಯ ಬಾಗಿಲಿಗೆ ಹೋಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಮುಂಗಡ ಕೊಡುವ ದಿನವನ್ನು ಪ್ರಯಾಣಕ್ಕೆ ಆರು ತಿಂಗಳ ಒಳಗೆ ಬರುವಂತೆ ಗೊತ್ತು ಮಾಡಿಕೊಳ್ಳಿ.

ಬುಕಿಂಗ್ ವೇದಿಕೆಗಳೂ ಇದೇ ಕೆಲಸ ಮಾಡುತ್ತವೆ. ಮಾಲೀಕರ ಬಳಿ ಕಾರ್ಡ್ ಯಂತ್ರ ಇಲ್ಲದಿದ್ದರೂ ವೇದಿಕೆ ಕಾರ್ಡ್ ತೆಗೆದುಕೊಳ್ಳುತ್ತದೆ. ಏರ್‌ಬಿಎನ್‌ಬಿ ಸಾಮಾನ್ಯವಾಗಿ ಅತಿಥಿ ಬರಬೇಕಾದ ಹೊತ್ತಿನಿಂದ ಸುಮಾರು 24 ಗಂಟೆ ಕಳೆದ ಮೇಲೆ ಮಾಲೀಕರಿಗೆ ಹಣ ಬಿಡುಗಡೆ ಮಾಡುತ್ತದೆ. ಅದೇ ಮನೆ ಅಲ್ಲಿ ಸ್ವಲ್ಪ ದುಬಾರಿ ಇದ್ದರೆ ಆ ವ್ಯತ್ಯಾಸವನ್ನು ವಿಮೆಯ ಕಂತು ಎಂದುಕೊಳ್ಳಿ. ಮೊದಲ ಸಲ ಹೋಗುವ, ಯಾರ ಪರಿಚಯವೂ ಇಲ್ಲದ ಜಾಗಕ್ಕೆ ಅದನ್ನು ಕೊಡುವುದು ಸರಿ. ವೇದಿಕೆಯಲ್ಲಿ ಪರಿಚಯವಾಗಿ "ಹೊರಗೆ ಕಳಿಸಿ, ಕಡಿಮೆ ಮಾಡುತ್ತೇನೆ" ಎನ್ನುವವರ ಮಾತು ಕೇಳಿ ಹೊರಗೆ ಹಣ ಹಾಕಿದರೆ ಆ ರಕ್ಷಣೆಯೆಲ್ಲ ಅಲ್ಲಿಗೇ ಮುಗಿಯಿತು.

ವೆಸ್ಟರ್ನ್ ಯೂನಿಯನ್, ಮನಿಗ್ರಾಂ ಮುಂತಾದ ನಗದು ಪಡೆಯುವ ಸೇವೆಗಳು ಪರಿಚಿತರಿಗೆ ಹಣ ಕಳಿಸಲು ಮಾಡಿದವು. ಅಪರಿಚಿತರಿಗೆ ಬಾಡಿಗೆ ಕಟ್ಟಲು ಅಲ್ಲ. ಆ ಕಂಪನಿಗಳೇ ಈ ಎಚ್ಚರಿಕೆ ಕೊಡುತ್ತವೆ. ಗಿಫ್ಟ್ ಕಾರ್ಡ್, ಕ್ರಿಪ್ಟೊ ಕೇಳಿದರೆ ಅದು ವಂಚನೆಯೇ, ಎರಡನೇ ಯೋಚನೆ ಬೇಡ. ನಡುವೆ ಹಣ ಹಿಡಿದಿಡುವ ಎಸ್ಕ್ರೊ ತಾಣ ಎಂದು ಮಾಲೀಕರೇ ಲಿಂಕ್ ಕೊಟ್ಟರೆ ಆ ತಾಣವೂ ಅವರದ್ದೇ ಆಗಿರಬಹುದು. ತಾಣದ ಹೆಸರು ನೋಂದಣಿಯಾದ ದಿನಾಂಕ ಹುಡುಕಿ. ಕಳೆದ ತಿಂಗಳು ಹುಟ್ಟಿದ ತಾಣ "ಇಪ್ಪತ್ತು ವರ್ಷಗಳ ವಿಶ್ವಾಸ" ಎನ್ನುತ್ತಿದ್ದರೆ ಉತ್ತರ ಸಿಕ್ಕಿತು.

## ಬಾಕಿಯನ್ನು ನಗದಾಗಿ ಕೊಡುವಾಗ

ಬಂದ ಮೇಲೆ ನಗದು ಕೊಡುವುದು ಪ್ರಯಾಣಿಕರಿಗೆ ಒಳ್ಳೆಯದೇ. ಮನೆ ನೋಡಿ ಹಣ ಕೊಡಬಹುದು. ಆದರೆ ಅಷ್ಟು ನಗದು ಹೊಂದಿಸುವುದಕ್ಕೆ ಯೋಜನೆ ಬೇಕು. ಎಟಿಎಂನಲ್ಲಿ ಎರಡು ಮಿತಿಗಳಿವೆ, ನಿಮ್ಮ ಕಾರ್ಡ್‌ನ ದಿನದ ಮಿತಿ ಒಂದು, ಯಂತ್ರದ ಒಂದು ಸಲದ ಮಿತಿ ಇನ್ನೊಂದು. ಬಾಕಿ ದೊಡ್ಡದಿದ್ದರೆ ಎರಡು ಮೂರು ದಿನದಲ್ಲಿ ತೆಗೆಯಬೇಕಾದೀತು. ಹೊರಡುವ ಮೊದಲೇ ಹೊರದೇಶದ ಬಳಕೆಯನ್ನು ತೆರೆದಿಡಿ, ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್ ಜೊತೆಗಿರಲಿ. ಜಪಾನಿನಲ್ಲಿ ಸೆವೆನ್ ಬ್ಯಾಂಕ್ ಯಂತ್ರಗಳು ಹೊರದೇಶದ ಕಾರ್ಡ್ ತೆಗೆದುಕೊಳ್ಳುತ್ತವೆ, ಅಲ್ಲಿನ ಎಲ್ಲ ಯಂತ್ರಗಳೂ ತೆಗೆದುಕೊಳ್ಳುವುದಿಲ್ಲ.

ಯಂತ್ರ "ನಿಮ್ಮ ಕರೆನ್ಸಿಯಲ್ಲಿ ಲೆಕ್ಕ ಹಾಕಲೇ" ಎಂದು ಕೇಳಿದರೆ ಬೇಡ ಎನ್ನಿ. ಹೌದು ಎಂದರೆ ದರ ನಿರ್ಧರಿಸುವವರು ಆ ಯಂತ್ರದ ಮಾಲೀಕರು, ನಿಮಗೆ ನಷ್ಟ. ಪರದೆಯಲ್ಲಿ "ಪರಿವರ್ತನೆ ಇಲ್ಲದೆ ಮುಂದುವರಿಸಿ" ಎಂಬ ಬಟನ್ ಮೂಲೆಯಲ್ಲಿ ಸಣ್ಣದಾಗಿ ಇರಬಹುದು. ಅದನ್ನು ಒತ್ತಿದರೆ ವ್ಯವಹಾರ ರದ್ದಾಗುವುದಿಲ್ಲ.

ನಗದಿಗೂ ಕಾನೂನಿನ ಮಿತಿ ಇದೆ. ಇಟಲಿಯಲ್ಲಿ 2023ರಿಂದ 5,000 ಯೂರೊ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಕೊಡುವಂತಿಲ್ಲ. ಗ್ರೀಸ್‌ನಲ್ಲಿ ವ್ಯಾಪಾರಿಗಳು ಗ್ರಾಹಕರಿಂದ 500 ಯೂರೊಗಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಯುರೋಪಿನ ಒಕ್ಕೂಟದ ಗಡಿ ದಾಟುವಾಗ 10,000 ಯೂರೊ ಅಥವಾ ಹೆಚ್ಚು ಕೈಯಲ್ಲಿದ್ದರೆ ಕಸ್ಟಮ್ಸ್‌ಗೆ ಹೇಳಲೇಬೇಕು.

ಹಣ ಕೊಡುವ ಕ್ರಮ ಹೀಗಿರಲಿ: ಮೊದಲು ಮನೆಯೊಳಗೆ ಹೋಗಿ ನೀರು, ವಿದ್ಯುತ್, ಬೀಗ, ಹಾಸಿಗೆ ನೋಡಿ. ಮೊದಲೇ ಇರುವ ಬಿರುಕು, ಕಲೆಗಳ ಫೋಟೊ ಮಾಲೀಕರ ಎದುರೇ ತೆಗೆಯಿರಿ. ನಂತರ ಇಬ್ಬರೂ ಎಣಿಸಿ, ದಿನಾಂಕ ಮತ್ತು ಸಹಿ ಇರುವ ರಸೀದಿ ಪಡೆಯಿರಿ. ಹಾನಿಯ ಠೇವಣಿ ಕೇಳಿದರೆ ಅದನ್ನು ಬಾಡಿಗೆಯ ಜೊತೆ ಬೆರೆಸದೆ ಬೇರೆ ರಸೀದಿ ಮಾಡಿಸಿ, ವಾಪಸ್ ಕೊಡುವ ಹೊತ್ತನ್ನೂ ಬರೆಸಿ. ನಸುಕಿನಲ್ಲಿ ಹೊರಡುವವರಿಗೆ ಠೇವಣಿ ಕೊಡಲು ಯಾರೂ ಎದ್ದಿರುವುದಿಲ್ಲ, ಹಿಂದಿನ ಸಂಜೆಯೇ ಲೆಕ್ಕ ಮುಗಿಸಿಕೊಳ್ಳಿ. ಪ್ರವಾಸಿ ತೆರಿಗೆ ಎಷ್ಟೋ ಕಡೆ ತಲೆಗೆ, ರಾತ್ರಿಗೆ ಇಷ್ಟು ಎಂದು ಬೇರೆಯಾಗಿ ಇರುತ್ತದೆ, ಅದಕ್ಕೂ ಚಿಲ್ಲರೆ ಇಟ್ಟುಕೊಳ್ಳಿ.

## ಎಡವಟ್ಟಾದರೆ

ಕಳಿಸಿದ ಹಣ ಮುಟ್ಟಲಿಲ್ಲ ಎಂದು ಮಾಲೀಕರು ಹೇಳಿದರೆ ಗಾಬರಿಯಿಂದ ಎರಡನೇ ಸಲ ಕಳಿಸಬೇಡಿ. ನಿಮ್ಮ ಬ್ಯಾಂಕಿನಿಂದ ಪಾವತಿಯ ಸ್ವಿಫ್ಟ್ ಪ್ರತಿ ಕೇಳಿ. ಹಳಬರು ಅದನ್ನು ಎಂಟಿ103 ಎನ್ನುತ್ತಾರೆ. ಅದರಲ್ಲಿ ಯುಇಟಿಆರ್ ಎಂಬ 36 ಅಕ್ಷರದ ಗುರುತು ಇರುತ್ತದೆ. ಪಾರ್ಸೆಲ್‌ನ ಟ್ರ್ಯಾಕಿಂಗ್ ಸಂಖ್ಯೆಯಂತೆ, ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಅದರಿಂದ ಪತ್ತೆ ಮಾಡಬಹುದು. ಆ ಪ್ರತಿಯನ್ನು ಮಾಲೀಕರಿಗೂ ಕಳಿಸಿ, ಅವರ ಬ್ಯಾಂಕ್ ಆ ಕಡೆಯಿಂದ ಹುಡುಕಲಿ.

ಮೋಸ ಎಂದು ಅನ್ನಿಸಿದ ಕ್ಷಣವೇ ಬ್ಯಾಂಕಿನ ವಂಚನೆ ವಿಭಾಗಕ್ಕೆ ಕರೆ ಮಾಡಿ. ರಾತ್ರಿಯಾದರೂ, ಭಾನುವಾರವಾದರೂ ಮಾಡಿ. "ಪಾವತಿ ತಡೆಯಿರಿ, ಹಿಂದಕ್ಕೆ ಕರೆಸಿ, ವಂಚನೆ ಎಂದು ದಾಖಲಿಸಿ" ಎಂಬ ಮೂರೂ ಮಾತು ಸ್ಪಷ್ಟವಾಗಿ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಹಣ ಇನ್ನೂ ಮಧ್ಯವರ್ತಿ ಬ್ಯಾಂಕಿನಲ್ಲಿದ್ದರೆ ಸಿಗುವ ಸಾಧ್ಯತೆ ಇದೆ. ಖಾತೆಗೆ ಜಮೆಯಾಗಿ ಅಲ್ಲಿಂದ ಬೇರೆಡೆಗೆ ಹೋಗಿಬಿಟ್ಟರೆ ಕಷ್ಟ. ಆದ್ದರಿಂದಲೇ ಗಂಟೆಗಳ ಲೆಕ್ಕ. ಪಡೆದ ಬ್ಯಾಂಕಿಗೂ ನೀವೇ ನೇರವಾಗಿ ಮೇಲ್ ಬರೆಯಿರಿ. ನಿಮಗೆ ಅವರು ವಿವರ ಹೇಳದಿರಬಹುದು, ಆದರೆ ಆ ಖಾತೆಯ ಮೇಲೆ ಅವರ ಕಣ್ಣು ಬೀಳುತ್ತದೆ. ಜಾಹೀರಾತು ಇದ್ದ ತಾಣಕ್ಕೆ ತಿಳಿಸುವ ಮೊದಲು ಆ ಪುಟದ, ಚಾಟ್‌ನ, ಮೇಲ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ. ದೂರು ಹೋದ ಮೇಲೆ ಪುಟ ಮಾಯವಾಗುತ್ತದೆ. ಪೊಲೀಸ್ ದೂರು ನಿಮ್ಮ ಊರಿನಲ್ಲೇ ಕೊಡಿ, ಬ್ಯಾಂಕ್ ಮತ್ತು ವಿಮೆಯವರು ಅದರ ಪ್ರತಿ ಕೇಳುತ್ತಾರೆ.

ಇದಾಗಿ ಒಂದೆರಡು ವಾರಕ್ಕೆ ನಿಮಗೊಂದು ಕರೆಯೋ ಮೇಲೋ ಬರಬಹುದು. "ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಸ್ವಲ್ಪ ಶುಲ್ಕ ಕಟ್ಟಬೇಕು" ಎನ್ನುತ್ತಾರೆ. ನೀವು ಕಳಿಸಿದ ಮೊತ್ತ, ದಿನಾಂಕ ಎಲ್ಲ ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಗೊತ್ತಿರುವುದು ಯಾಕೆಂದರೆ ಮೊದಲ ಸಲ ಹಣ ತೆಗೆದುಕೊಂಡವರೂ ಅವರೇ, ಅಥವಾ ಅವರಿಂದ ನಿಮ್ಮ ಹೆಸರು ಕೊಂಡವರು. ಆ ಶುಲ್ಕ ಕಟ್ಟಬೇಡಿ. ಆ ಕರೆಯ ಸಂಖ್ಯೆಯನ್ನೂ ಮೇಲ್ ವಿಳಾಸವನ್ನೂ ಮೊದಲ ದೂರಿಗೆ ಸೇರಿಸಿ.